ಸ್ಟಾರ್ ಫಿಲ್ಮ್: ಒಂದು ಚಿತ್ರಸಂಸ್ಥೆಯ ಏಳುಬೀಳು



ಸಿನಿಮಾ ಎಂದೊಡನೆ ನಿಮಗೆ ಯಾರು ನೆನಪಾಗುತ್ತಾರೆ? ನಾಯಕ, ನಾಯಕಿ, ನಿರ್ದೇಶಕ, ಹಾಡು ಬರೆದವರು. ಹೆಚ್ಚೆಂದರೆ ಹಣ ಹಾಕಿದ ನಿರ್ಮಾಪಕರು. ಆದರೆ ತಯಾರಾದ ಚಿತ್ರವನ್ನು ಊರೂರಿನ ಚಿತ್ರಮಂದಿರಗಳಿಗೆ ಮುಟ್ಟಿಸುವವರು ಬೇರೊಬ್ಬರಿದ್ದಾರೆ. ಅವರೇ ವಿತರಕರು ಅಥವಾ ಹಂಚಿಕೆದಾರರು. ಬೆಂಗಳೂರಿನ ಗಾಂಧಿನಗರ ಎಂದರೆ ಕನ್ನಡ ಚಿತ್ರೋದ್ಯಮ ಎಂದೇ ಅರ್ಥ ಬಂದಿರುವುದಕ್ಕೆ ಅಲ್ಲಿ ನೆಲೆಸಿದ ಹಂಚಿಕೆದಾರರ ಕಚೇರಿಗಳೂ ಒಂದು ಕಾರಣ.

ಚಿತ್ರ ಎಷ್ಟೇ ಚೆನ್ನಾಗಿರಲಿ, ಅದು ಪ್ರೇಕ್ಷಕರನ್ನು ತಲುಪುವ ದಾರಿ ಮುಚ್ಚಿದರೆ ಅದನ್ನು ಮಾಡಿದವನ ಗತಿ ಏನು? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಫ್ರಾನ್ಸ್ ದೇಶಕ್ಕೆ, ಸಿನಿಮಾ ಹುಟ್ಟಿದ ಮೊದಲ ದಿನಗಳಿಗೆ ಹೋಗೋಣ. ಅಲ್ಲಿ ಜಾರ್ಜ್ ಮೆಲಿಯೆಸ್ ಎಂಬ ಕಲಾವಿದ ತಾನೇ ಚಿತ್ರ ತಯಾರಿಸಿ, ತಾನೇ ಮಾರುತ್ತಿದ್ದ. ಅವನ ಸಂಸ್ಥೆಯ ಹೆಸರು ಸ್ಟಾರ್ ಫಿಲ್ಮ್. ಅದು ಹತ್ತು ವರ್ಷಗಳಲ್ಲಿ ಲೋಕಪ್ರಸಿದ್ಧವಾಯಿತು. ಮುಂದಿನ ಹತ್ತು ವರ್ಷಗಳಲ್ಲಿ ಹೇಳಹೆಸರಿಲ್ಲದಂತಾಯಿತು.

ಜಾದೂಗಾರನ ಕೈಗೆ ಕ್ಯಾಮೆರಾ

ಮೆಲಿಯೆಸ್ ಹುಟ್ಟಿದ್ದು 1861ರಲ್ಲಿ, ಪ್ಯಾರಿಸ್ಸಿನಲ್ಲಿ. ತಂದೆಯದು ಪಾದರಕ್ಷೆ ತಯಾರಿಸುವ ದೊಡ್ಡ ಕಾರ್ಖಾನೆ. ಮಗನ ಮನಸ್ಸು ಮಾತ್ರ ಚಿತ್ರಕಲೆಯಲ್ಲಿ, ಇಂದ್ರಜಾಲದಲ್ಲಿ. ಅವನು ಮನೆಯ ವ್ಯಾಪಾರದಲ್ಲಿದ್ದ ತನ್ನ ಪಾಲನ್ನು ಅಣ್ಣಂದಿರಿಗೆ ಬಿಟ್ಟುಕೊಟ್ಟು, ಬಂದ ಹಣದಿಂದ 1888ರಲ್ಲಿ ರಾಬರ್ಟ್ ಹೂದಾಂ ಎಂಬ ಹೆಸರಾಂತ ಜಾದೂ ರಂಗಮಂದಿರವನ್ನು ಕೊಂಡ.

1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಒಂದು ಕೆಫೆಯ ನೆಲಮಾಳಿಗೆಯಲ್ಲಿ ಲುಮಿಯೇರ್ ಸೋದರರ ಚಲನಚಿತ್ರಗಳ ಪ್ರದರ್ಶನ ನಡೆಯಿತು. ಟಿಕೆಟ್ ಕೊಂಡು ನೋಡಿದ ಮೊದಲ ಸಿನಿಮಾ ಪ್ರದರ್ಶನಗಳಲ್ಲಿ ಅದು ಬಹಳ ಪ್ರಸಿದ್ಧವಾದದ್ದು. ನೋಡಿ ಬೆರಗಾದವರಲ್ಲಿ ಮೆಲಿಯೆಸ್ ಕೂಡ ಒಬ್ಬ. ಯಂತ್ರಕ್ಕೆ 10,000 ಫ್ರಾಂಕ್ ಕೊಡುತ್ತೇನೆ ಎಂದ. ಲುಮಿಯೇರ್ ಮನೆತನದವರು ಒಪ್ಪಲಿಲ್ಲ. ಮೆಲಿಯೆಸ್ ಸುಮ್ಮನೆ ಕೂರಲಿಲ್ಲ. ಲಂಡನ್ನಿನ ರಾಬರ್ಟ್ ಪಾಲ್ ಎಂಬ ತಂತ್ರಜ್ಞನಿಂದ ಪ್ರೊಜೆಕ್ಟರ್ ತರಿಸಿ, ಅದನ್ನೇ ಬಿಚ್ಚಿ ಜೋಡಿಸಿ ಕ್ಯಾಮೆರಾ ಮಾಡಿಕೊಂಡ. 1896ರಲ್ಲಿ ಅವನ ಮೊದಲ ಚಿತ್ರ ತಯಾರಾಯಿತು. ಮರುವರ್ಷ ಪ್ಯಾರಿಸ್ಸಿನ ಪಕ್ಕದ ಮಾಂತ್ರೈ ಎಂಬಲ್ಲಿ, ಬಿಸಿಲು ಚೆನ್ನಾಗಿ ಬೀಳಲೆಂದು ಗಾಜಿನ ಗೋಡೆ, ಗಾಜಿನ ಮಾಡು ಇರುವ ಸ್ಟುಡಿಯೋ ಕಟ್ಟಿಸಿದ.

ಮನುಷ್ಯ ಇದ್ದಕ್ಕಿದ್ದಂತೆ ಮಾಯವಾಗುವುದು, ಒಬ್ಬನೇ ನಟ ಏಳು ಜನರಾಗಿ ಕಾಣುವುದು, ತಲೆ ದೇಹದಿಂದ ಕಳಚಿ ಮೇಜಿನ ಮೇಲೆ ಕೂತು ಮಾತನಾಡುವುದು! ಇಂಥ ಚಮತ್ಕಾರಗಳನ್ನೆಲ್ಲ ಅವನು ತೆರೆಯ ಮೇಲೆ ತೋರಿಸಿದ. 1896ರಿಂದ 1913ರವರೆಗೆ ಸ್ಟಾರ್ ಫಿಲ್ಮ್ ಹೊರತಂದ ಚಿತ್ರಗಳು 500ಕ್ಕೂ ಹೆಚ್ಚು. ಕಥೆ, ಪರದೆ, ವೇಷಭೂಷಣ, ನಟನೆ, ನಿರ್ದೇಶನ, ಇವೆಲ್ಲದರಲ್ಲಿಯೂ ಅವನ ಕೈ ಇರುತ್ತಿತ್ತು.

ಜಾತ್ರೆಯ ಸಿನಿಮಾ, ಮೀಟರ್ ಲೆಕ್ಕದ ಮಾರಾಟ

ಇಷ್ಟು ಚಿತ್ರಗಳನ್ನು ಯಾರು ಕೊಳ್ಳುತ್ತಿದ್ದರು? ಇಲ್ಲಿಯೇ ನಮ್ಮ ವಿಷಯದ ತಿರುಳಿದೆ.

ಆಗ ಫ್ರಾನ್ಸಿನಲ್ಲಿ ಸಿನಿಮಾಕ್ಕೆಂದೇ ಕಟ್ಟಿದ ಮಂದಿರಗಳು ಇರಲಿಲ್ಲವೆಂದೇ ಹೇಳಬಹುದು. ಊರೂರಿನ ಜಾತ್ರೆಗಳಲ್ಲಿ ಡೇರೆ ಹಾಕಿ ಚಿತ್ರ ತೋರಿಸುತ್ತಿದ್ದರು. ನಮ್ಮ ಟೂರಿಂಗ್ ಟಾಕೀಸುಗಳ ಬಗ್ಗೆ ನಿಮ್ಮ ಅಜ್ಜ ಅಜ್ಜಿಯರು ಹೇಳಿದ್ದನ್ನು ನೆನೆಸಿಕೊಳ್ಳಿ. ಡೇರೆಯ ಒಡೆಯ ಚಿತ್ರದ ಪ್ರಿಂಟನ್ನು ಹಣ ಕೊಟ್ಟು ಕೊಂಡುಕೊಳ್ಳುತ್ತಿದ್ದ. ಬಟ್ಟೆಯ ಹಾಗೆ ಫಿಲ್ಮನ್ನೂ ಉದ್ದ ಅಳೆದು ಮಾರುತ್ತಿದ್ದರು. ಒಮ್ಮೆ ಕೊಂಡ ಮೇಲೆ ಡಬ್ಬಿ ಅವನದೇ. ಅದು ಸವೆದು ಹರಿಯುವವರೆಗೂ ತೋರಿಸಬಹುದು.

ಚಿತ್ರ ಹಳೆಯದಾದರೆ ಜನ ಬರುವರೇ ಎಂದು ನೀವು ಕೇಳಬಹುದು. ಡೇರೆ ಒಂದೇ ಕಡೆ ನಿಲ್ಲುವುದಿಲ್ಲವಲ್ಲ! ಚಿತ್ರ ಹಳೆಯದಾದರೂ ಊರು ಹೊಸದು, ನೋಡುವ ಜನ ಹೊಸಬರು.

1902ರಲ್ಲಿ ಮೆಲಿಯೆಸ್ ತೆಗೆದ ‘ಚಂದ್ರಲೋಕಕ್ಕೆ ಯಾತ್ರೆ’ ಎಂಬ ಚಿತ್ರವನ್ನೇ ಉದಾಹರಣೆಯಾಗಿ ನೋಡೋಣ. ಅದರ ಉದ್ದ ಸುಮಾರು 260 ಮೀಟರ್. ಖರ್ಚು ಸುಮಾರು 10,000 ಫ್ರಾಂಕ್. ಆಗಿನ ಕಾಲಕ್ಕೆ ಇದು ದೊಡ್ಡ ಮೊತ್ತ. ಕಪ್ಪು ಬಿಳುಪಿನ ಪ್ರಿಂಟಿಗೆ 560 ಫ್ರಾಂಕ್, ಕೈಯಿಂದ ಬಣ್ಣ ಹಾಕಿದ ಪ್ರಿಂಟಿಗೆ 1,000 ಫ್ರಾಂಕ್ ಬೆಲೆ. ಪ್ರತಿಯೊಂದು ಚೌಕಟ್ಟಿಗೂ ಕುಂಚದಿಂದ ಬಣ್ಣ ತುಂಬುವ ಕೆಲಸ ಎಲಿಜಬೆತ್ ತ್ಯುಯಿಯೆ ಎಂಬ ಮಹಿಳೆಯ ಕಾರ್ಯಾಗಾರದಲ್ಲಿ ನಡೆಯುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದವರೂ ಹೆಂಗಸರೇ.

ಬೆಲೆ ಕೇಳಿ ಜಾತ್ರೆಯ ಪ್ರದರ್ಶಕರು ಹಿಂಜರಿದರು. ಆಗ ಮೆಲಿಯೆಸ್ ಒಂದು ಉಪಾಯ ಮಾಡಿದ. ಒಬ್ಬ ಪ್ರದರ್ಶಕನಿಗೆ ಚಿತ್ರವನ್ನು ಉಚಿತವಾಗಿ ಕೊಟ್ಟು, ಜನ ಏನನ್ನುತ್ತಾರೋ ನೋಡು ಎಂದ. ಡೇರೆ ತುಂಬಿತು. ಬೇಡಿಕೆ ತಾನಾಗಿ ಬಂತು.

ಈಗ ಒಂದು ಸಣ್ಣ ಲೆಕ್ಕ ಮಾಡಿ. 560 ಫ್ರಾಂಕಿನ ಪ್ರಿಂಟನ್ನು ಪ್ರದರ್ಶಕ 100 ಬಾರಿ ತೋರಿಸಿದರೆ ಒಂದು ಆಟಕ್ಕೆ ಅವನಿಗೆ ಬಿದ್ದ ಚಿತ್ರದ ವೆಚ್ಚ 5 ಫ್ರಾಂಕ್ 60 ಸಾಂತೀಂ ಮಾತ್ರ. 200 ಬಾರಿ ತೋರಿಸಿದರೆ ಅದರ ಅರ್ಧ. ಪ್ರದರ್ಶಕನಿಗೆ ಲಾಭ. ಮಾರಿದೊಡನೆ ಹಣ ಕೈಸೇರಿದ ಮೆಲಿಯೆಸ್‌ಗೂ ನೆಮ್ಮದಿ. ದೊಡ್ಡ ಬಂಡವಾಳ, ಊರೂರಿಗೆ ಕಚೇರಿ, ಗುಮಾಸ್ತರು ಯಾವುದೂ ಬೇಕಿರಲಿಲ್ಲ. ಒಬ್ಬ ಕುಶಲಕರ್ಮಿ ಯಾರ ಹಂಗಿಗೂ ಒಳಗಾಗದೆ ಬದುಕಲು ಈ ವ್ಯವಸ್ಥೆ ಹೇಳಿ ಮಾಡಿಸಿದಂತಿತ್ತು.

ಕಳ್ಳ ಪ್ರಿಂಟುಗಳ ಕಾಟ

ಆದರೆ ಮಾರಾಟದ ವ್ಯವಸ್ಥೆಯಲ್ಲಿ ಒಂದು ದೋಷವಿತ್ತು. ಡಬ್ಬಿ ಕೊಂಡವನು ಅದರಿಂದ ಇನ್ನೊಂದು ಪ್ರತಿ ತೆಗೆದರೆ ತಡೆಯುವವರು ಯಾರು? ಅಮೆರಿಕದಲ್ಲಿ ಎಡಿಸನ್, ಲುಬಿನ್ ಮೊದಲಾದ ದೊಡ್ಡ ಸಂಸ್ಥೆಗಳೇ ಮೆಲಿಯೆಸ್‌ನ ಚಿತ್ರಗಳ ನಕಲು ತೆಗೆದು ಮಾರಿದವು. ಚಂದ್ರಯಾತ್ರೆಯ ಚಿತ್ರ ಅಮೆರಿಕದಲ್ಲಿ ಭಾರೀ ಯಶಸ್ಸು ಕಂಡಿತು. ಆದರೆ ಆ ಲಾಭದ ಬಹುಪಾಲು ಅದನ್ನು ತಯಾರಿಸಿದವನ ಕೈಸೇರಲಿಲ್ಲ.

ಇದನ್ನು ತಡೆಯಲು ಅವನು 1903ರಲ್ಲಿ ಅಣ್ಣ ಗ್ಯಾಸ್ಟನ್‌ನನ್ನು ನ್ಯೂಯಾರ್ಕಿಗೆ ಕಳುಹಿಸಿ ಅಲ್ಲೊಂದು ಶಾಖೆ ತೆರೆದ. ಚಿತ್ರಗಳ ಹಕ್ಕನ್ನು ಅಲ್ಲಿಯ ಸರ್ಕಾರದಲ್ಲಿ ನೋಂದಾಯಿಸತೊಡಗಿದರು. ದೃಶ್ಯದ ಒಳಗೇ ಎಲ್ಲಾದರೂ ಸಂಸ್ಥೆಯ ನಕ್ಷತ್ರದ ಗುರುತನ್ನು ಇಡುತ್ತಿದ್ದರು. ಕಳ್ಳತನ ಸ್ವಲ್ಪ ಹದ್ದಿಗೆ ಬಂತು.

ಮಾರಾಟ ಹೋಯಿತು, ಬಾಡಿಗೆ ಬಂತು

ನಕಲಿಗಿಂತ ದೊಡ್ಡ ಹೊಡೆತ ಬೇರೆ ಕಡೆಯಿಂದ ಬಂತು. 1906-07ರ ಹೊತ್ತಿಗೆ ಪಟ್ಟಣಗಳಲ್ಲಿ ಕಾಯಂ ಚಿತ್ರಮಂದಿರಗಳು ತಲೆಯೆತ್ತಿದವು. ಡೇರೆಗೂ ಕಾಯಂ ಮಂದಿರಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ಡೇರೆಯಲ್ಲಿ ಚಿತ್ರ ಅದೇ, ಜನ ಬೇರೆ. ಕಾಯಂ ಮಂದಿರದಲ್ಲಿ ಜನ ಅದೇ, ಆದ್ದರಿಂದ ಚಿತ್ರ ಬೇರೆಯಾಗಬೇಕು. ವಾರ ವಾರವೂ ಹೊಸ ಚಿತ್ರ ಬೇಕು. ಒಂದು ವಾರಕ್ಕಾಗಿ ಪ್ರಿಂಟು ಕೊಂಡುಕೊಳ್ಳುವುದು ಯಾರಿಗೂ ಪೂರೈಸದು. ಬಾಡಿಗೆಗೆ ಸಿಕ್ಕರೆ ಸಾಕು.

ಇದನ್ನು ಎಲ್ಲರಿಗಿಂತ ಮೊದಲು ಅರಿತು ನಡೆದವನು ಚಾರ್ಲ್ಸ್ ಪಾಥೆ. ಅವನ ಸಂಸ್ಥೆ ಕಾರ್ಖಾನೆಯ ಮಾದರಿಯಲ್ಲಿ ಚಿತ್ರ ತಯಾರಿಸುತ್ತಿತ್ತು. 1907ರಲ್ಲಿ ಪಾಥೆ ಸಂಸ್ಥೆ, ಇನ್ನು ಮುಂದೆ ಪ್ರಿಂಟು ಮಾರುವುದಿಲ್ಲ, ಪ್ರಾಂತವಾರು ಹಂಚಿಕೆದಾರರ ಮೂಲಕ ಬಾಡಿಗೆಗೆ ಮಾತ್ರ ಕೊಡುತ್ತೇವೆ ಎಂದು ಘೋಷಿಸಿತು. 1909ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಚಿತ್ರ ತಯಾರಕರ ಅಂತರರಾಷ್ಟ್ರೀಯ ಸಮಾವೇಶ ನಡೆಯಿತು. ಬಾಡಿಗೆ ಪದ್ಧತಿಯನ್ನು ಅದೂ ಒಪ್ಪಿತು. ಆ ಸಮಾವೇಶದ ಅಧ್ಯಕ್ಷ ಯಾರು ಗೊತ್ತೇ? ಮೆಲಿಯೆಸ್! ಬಾಡಿಗೆಯ ನಿರ್ಣಯ ಅವನಿಗೆ ಒಪ್ಪಿಗೆಯಿರಲಿಲ್ಲ. ಆದರೆ ತನ್ನ ಬುಡಕ್ಕೆ ಕೊಡಲಿ ಹಾಕುವ ನಿರ್ಣಯ ಬಂದ ಸಭೆಗೆ ಅವನೇ ಅಧ್ಯಕ್ಷನಾಗಿದ್ದ.

ಬಾಡಿಗೆ ಏಕೆ ಅವನಿಗೆ ಮಾರಕವಾಯಿತು? ಮೊದಲನೆಯದಾಗಿ, ಹಣ ಒಮ್ಮೆಗೇ ಬರುವುದಿಲ್ಲ, ಕಂತುಕಂತಾಗಿ ಬರುತ್ತದೆ. ಅಲ್ಲಿಯವರೆಗೆ ಕಾಯಲು ಬಂಡವಾಳ ಬೇಕು. ಎರಡನೆಯದಾಗಿ, ಡಬ್ಬಿಗಳನ್ನು ಕಳುಹಿಸಿ, ವಾಪಸು ತರಿಸಿ, ರಿಪೇರಿ ಮಾಡಿ, ಲೆಕ್ಕವಿಡಲು ಊರೂರಿನಲ್ಲಿ ಕಚೇರಿ ಬೇಕು. ಮೂರನೆಯದಾಗಿ, ವಾರವಾರವೂ ಹೊಸ ಸರಕು ಬೇಕು. ಮೆಲಿಯೆಸ್‌ನ ಕೆಲಸ ಕೈಮಗ್ಗದ ನೇಯ್ಗೆಯಂಥದು. ಚಂದ್ರಯಾತ್ರೆಯೊಂದಕ್ಕೇ ಅವನು ಮೂರು ತಿಂಗಳು ತೆಗೆದುಕೊಂಡಿದ್ದ. ಇತ್ತ ಅವನ ಹಳೆಯ ಗಿರಾಕಿಗಳಾದ ಜಾತ್ರೆಯವರು ಒಬ್ಬೊಬ್ಬರಾಗಿ ಕಸುಬು ಬಿಟ್ಟರು.

ಅಮೆರಿಕದಲ್ಲೂ ಇದೇ ಒತ್ತಡ. 1908ರ ಕೊನೆಗೆ ಎಡಿಸನ್ ಮುಂದಾಳತ್ವದಲ್ಲಿ ಚಿತ್ರ ತಯಾರಕರ ಒಕ್ಕೂಟ ರಚನೆಯಾಯಿತು. ಸ್ಟಾರ್ ಫಿಲ್ಮ್ ಅದಕ್ಕೆ ಸೇರಿತು. ಆದರೆ ವಾರಕ್ಕೆ 1,000 ಅಡಿ ಫಿಲ್ಮ್ ಒದಗಿಸಬೇಕೆಂಬ ಕರಾರು ಅದರ ಕೊರಳಿಗೆ ಬಿತ್ತು. ಗ್ಯಾಸ್ಟನ್ ಅಲ್ಲಿಯೇ ಚಿತ್ರ ತೆಗೆಯತೊಡಗಿದ. 1912-13ರಲ್ಲಿ ತಂಡ ಕಟ್ಟಿಕೊಂಡು ಪೆಸಿಫಿಕ್ ದ್ವೀಪಗಳಿಗೂ ಏಷ್ಯಾಕ್ಕೂ ಹೊರಟ. ಅಲ್ಲಿಂದ ಕಳುಹಿಸಿದ ಫಿಲ್ಮುಗಳಲ್ಲಿ ಬಹಳಷ್ಟು ಕೆಟ್ಟುಹೋದವು. ನಷ್ಟ ತಡೆಯಲಾರದೆ ಅಮೆರಿಕದ ಶಾಖೆ ಕೈಬಿಟ್ಟಿತು.

ಸಾಲದ ಸುಳಿ

1911ರಲ್ಲಿ ಮೆಲಿಯೆಸ್ ಪಾಥೆ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡ. ಹಣ ಪಾಥೆಯದು, ವಿತರಣೆ ಪಾಥೆಯದು, ಚಿತ್ರವನ್ನು ಕತ್ತರಿಸುವ ಅಧಿಕಾರವೂ ಪಾಥೆಯದೇ. ಒತ್ತೆ ಇಟ್ಟದ್ದು ಮಾಂತ್ರೈಯ ಮನೆ ಮತ್ತು ಸ್ಟುಡಿಯೋ. ಅಲ್ಲಿಗೆ ಅವನ ಸ್ವಾತಂತ್ರ್ಯ ಮುಗಿಯಿತು. ‘ಉತ್ತರ ಧ್ರುವದ ವಿಜಯ’ ಮೊದಲಾದ ಅದ್ಧೂರಿ ಚಿತ್ರಗಳು ಬಂದರೂ ಜನ ಮೆಚ್ಚಲಿಲ್ಲ. 1913ರ ಹೊತ್ತಿಗೆ ಒಪ್ಪಂದ ಮುರಿದುಬಿತ್ತು. ಅದೇ ವರ್ಷ ಪತ್ನಿ ತೀರಿಕೊಂಡಳು.

ಎಲ್ಲ ತಪ್ಪನ್ನೂ ಪಾಥೆಯ ಮೇಲೆ ಹೊರಿಸುವುದು ಸರಿಯಲ್ಲ. ಬಾಡಿಗೆ ಪದ್ಧತಿಯಿಂದ ಸಣ್ಣ ಊರಿನ ಚಿತ್ರಮಂದಿರಕ್ಕೂ ಹೊಸ ಚಿತ್ರ ಸಿಗುವಂತಾಯಿತು. ಪ್ರೇಕ್ಷಕರ ಅಭಿರುಚಿಯೂ ಬದಲಾಗಿತ್ತು. ಕ್ಯಾಮೆರಾ ದೂರ ಹತ್ತಿರ ಚಲಿಸುವ, ಬೀದಿ ಬಯಲುಗಳಲ್ಲಿ ನಡೆಯುವ ಕಥೆಗಳನ್ನು ಅವರು ಬಯಸುತ್ತಿದ್ದರು. ಮೆಲಿಯೆಸ್ ಮಾತ್ರ ನಾಟಕದ ಪರದೆಯ ಮುಂದೆಯೇ ಕ್ಯಾಮೆರಾ ನಿಲ್ಲಿಸಿಕೊಂಡಿದ್ದ.

ಮೊದಲ ಮಹಾಯುದ್ಧ ಬಂತು. ಸ್ಟುಡಿಯೋ ಗಾಯಾಳು ಸೈನಿಕರ ಆಸ್ಪತ್ರೆಯಾಯಿತು. ಸ್ಟಾರ್ ಫಿಲ್ಮಿನ 400ಕ್ಕೂ ಹೆಚ್ಚು ಪ್ರಿಂಟುಗಳನ್ನು ಸೈನ್ಯ ವಶಪಡಿಸಿಕೊಂಡು ಕರಗಿಸಿತು. ಫಿಲ್ಮಿನಲ್ಲಿರುವ ಬೆಳ್ಳಿ ಬೇರೆಯಾಯಿತು. ಉಳಿದ ಸೆಲ್ಯುಲಾಯ್ಡ್ ಬೂಟುಗಳ ಹಿಮ್ಮಡಿಯಾಯಿತು. ಪಾದರಕ್ಷೆಯ ವ್ಯಾಪಾರ ಬಿಟ್ಟು ಕಲೆಗೆ ಬಂದವನ ಕಲೆ ಪಾದರಕ್ಷೆಗೇ ಸಂದಿತು.

1923ರಲ್ಲಿ ರಸ್ತೆ ವಿಸ್ತರಣೆಗಾಗಿ ಅವನ ರಂಗಮಂದಿರವನ್ನು ಕೆಡವಿದರು. ಅದೇ ವರ್ಷ ಮಾಂತ್ರೈಯ ಆಸ್ತಿ ಸಾಲಕ್ಕೆ ಹೋಯಿತು. ಇಡಲು ಜಾಗವಿಲ್ಲದೆ, ನೊಂದು, ಸಿಟ್ಟಿಗೆದ್ದು, ಮೆಲಿಯೆಸ್ ತನ್ನಲ್ಲಿ ಉಳಿದಿದ್ದ ನೆಗೆಟಿವ್‌ಗಳನ್ನು ತಾನೇ ಸುಟ್ಟುಹಾಕಿದ. ಮುಂದೆ ತನ್ನ ಚಿತ್ರಗಳ ನಟಿಯಾಗಿದ್ದ ಝೆಹಾನ್ ದಾಲ್ಸಿಯನ್ನು ಮದುವೆಯಾಗಿ, ಪ್ಯಾರಿಸ್ಸಿನ ಮಾಂಪಾರ್ನಾಸ್ ರೈಲು ನಿಲ್ದಾಣದಲ್ಲಿ ಆಕೆಯ ಆಟಿಕೆ ಮತ್ತು ಮಿಠಾಯಿ ಅಂಗಡಿಯಲ್ಲಿ ಕೂತ.

ಕಳೆದದ್ದು, ಉಳಿದದ್ದು

ಅಲ್ಲಿ ಅವನನ್ನು ಸಿನಿಮಾ ಪತ್ರಿಕೆಯ ಸಂಪಾದಕರೊಬ್ಬರು ಗುರುತಿಸಿದರು. ಅವನ ಬಗ್ಗೆ ಲೇಖನಗಳು ಬಂದವು. 1929ರ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ಸನ್ಮಾನ ನಡೆಯಿತು. ಹುಡುಕಿ ತಂದ ಕೆಲವು ಹಳೆಯ ಚಿತ್ರಗಳನ್ನು ತೋರಿಸಿದರು. 1931ರಲ್ಲಿ ಫ್ರಾನ್ಸಿನ ಲೀಜಿಯನ್ ಆಫ್ ಆನರ್ ಗೌರವ ದೊರೆಯಿತು. ಅದನ್ನು ಅವನಿಗೆ ತೊಡಿಸಿದವರು ಲೂಯಿ ಲುಮಿಯೇರ್. 1938ರ ಜನವರಿ 21ರಂದು ಮೆಲಿಯೆಸ್ ತೀರಿಕೊಂಡ.

ಇಂದು ಅವನ ಚಿತ್ರಗಳಲ್ಲಿ ಸುಮಾರು 200 ಮಾತ್ರ ಸಿಕ್ಕಿವೆ. ಅವು ಉಳಿದದ್ದು ಹೇಗೆ? ಜಾತ್ರೆಯವರು ಕೊಂಡು ಅಟ್ಟದ ಮೇಲೆ ಎಸೆದಿದ್ದ ಡಬ್ಬಿಗಳಿಂದ, ಸಂಗ್ರಾಹಕರಿಂದ, ಅಮೆರಿಕದಲ್ಲಿ ಹಕ್ಕಿಗಾಗಿ ಸಲ್ಲಿಸಿದ್ದ ಪ್ರತಿಗಳಿಂದ, ಕೊನೆಗೆ ಕಳ್ಳ ಪ್ರತಿಗಳಿಂದಲೂ! ಮಾರಿ ಚದುರಿಹೋದದ್ದೇ ಕೆಲವನ್ನು ಉಳಿಸಿತು. 1993ರಲ್ಲಿ ಬಾರ್ಸಿಲೋನಾದಲ್ಲಿ ಚಂದ್ರಯಾತ್ರೆಯ ಬಣ್ಣದ ಪ್ರಿಂಟೊಂದು ಗಟ್ಟಿ ಮುದ್ದೆಯಂತಾದ ಸ್ಥಿತಿಯಲ್ಲಿ ಸಿಕ್ಕಿತು. ತಜ್ಞರು ಅದನ್ನು ಪದರಪದರವಾಗಿ ಬಿಡಿಸಿ, ಚೌಕಟ್ಟು ಚೌಕಟ್ಟಾಗಿ ಸರಿಪಡಿಸಿ 2011ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು.

ಇದು ನಮಗೆ ದೂರದ ಮಾತಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದರ ಒಂದು ಪ್ರಿಂಟೂ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು ಅದಾದ 30 ವರ್ಷಗಳ ಮೇಲೆ, 1964ರಲ್ಲಿ. ಇಂದು ನೀವು ಮೊಬೈಲ್ ಫೋನಿನಲ್ಲಿ ಚಂದಾ ಕಟ್ಟಿ ನೋಡುವ ಚಿತ್ರವೂ ನಿಮ್ಮದಲ್ಲ, ಬಾಡಿಗೆಯದೇ. ಕೊಡುವವರು ಪಟ್ಟಿಯಿಂದ ತೆಗೆದರೆ ಅದು ನಿಮ್ಮ ಪಾಲಿಗೆ ಇಲ್ಲ. ಚಿತ್ರವನ್ನು ಮಾಡುವುದು ಒಂದು ವಿದ್ಯೆ, ತಲುಪಿಸುವುದು ಇನ್ನೊಂದು, ಕಾಪಾಡುವುದು ಮೂರನೆಯದು. ಮೆಲಿಯೆಸ್ ಮೊದಲನೆಯದರಲ್ಲಿ ಅಸಾಮಾನ್ಯ. ಉಳಿದೆರಡು ಕೈಕೊಟ್ಟಿದ್ದರಿಂದ ಸೋತ.

ಯೋಚಿಸಿ ನೋಡಿ

1. ಡೇರೆ ಸಿನಿಮಾಕ್ಕೆ ಮಾರಾಟ ಹೊಂದುತ್ತದೆ, ಕಾಯಂ ಚಿತ್ರಮಂದಿರಕ್ಕೆ ಬಾಡಿಗೆ ಹೊಂದುತ್ತದೆ. ಏಕೆ?

2. ಪಾಥೆಯೊಡನೆ ಒಪ್ಪಂದ ಮಾಡಿಕೊಳ್ಳುವಾಗ ಮೆಲಿಯೆಸ್‌ನ ಜಾಗದಲ್ಲಿ ನೀವಿದ್ದರೆ ಯಾವ ಷರತ್ತನ್ನು ಒಪ್ಪುತ್ತಿರಲಿಲ್ಲ?

3. ನಿಮ್ಮ ಊರಿನಲ್ಲಿ ಟೂರಿಂಗ್ ಟಾಕೀಸ್ ನಡೆಸಿದವರು ಅಥವಾ ಪ್ರೊಜೆಕ್ಟರ್ ಓಡಿಸಿದವರು ಇದ್ದಾರೆಯೇ? ಡಬ್ಬಿಗಳು ಎಲ್ಲಿಂದ ಬರುತ್ತಿದ್ದವು, ಎಲ್ಲಿಗೆ ಹೋಗುತ್ತಿದ್ದವು ಎಂದು ಕೇಳಿ ಬರೆದಿಡಿ.