ಎಳೆಯರ ಪಾಠದಲ್ಲಿ ನೋವಿನ ಸಂಗತಿ

ಕನ್ನಡ ಶಾಲೆಯ ಮೆಟ್ಟಿಲು ಹತ್ತಿದವರಲ್ಲಿ ಗೋವಿನ ಹಾಡನ್ನು ಕೇಳದವರು ವಿರಳ. ಅದರಲ್ಲಿ ಏನಿದೆ ಎಂಬುದನ್ನು ಒಮ್ಮೆ ದೊಡ್ಡವರ ಕಣ್ಣಿನಿಂದ ನೋಡಿರಿ. ಹಸಿದ ಹುಲಿ ತಾಯಿಹಸುವನ್ನು ಅಡ್ಡಗಟ್ಟುತ್ತದೆ. ಆಕೆ ಕರುವಿಗೆ ಕಡೆಯ ಸಲ ಹಾಲೂಡಿಸಿ, ಅದನ್ನು ಒಡನಾಡಿ ಹಸುಗಳ ಮಡಿಲಿಗೆ ಹಾಕಿ, ಸಾಯುವುದಕ್ಕೆಂದೇ ಹಿಂದಿರುಗುತ್ತಾಳೆ. ಕೊನೆಗೆ ಹುಲಿ ತಾನೇ ಪ್ರಾಣ ಬಿಡುತ್ತದೆ. ತಾಯಿಯ ಅಗಲಿಕೆ, ಸಾವಿನ ಭಯ, ಪಶ್ಚಾತ್ತಾಪದ ಮರಣ, ಇಷ್ಟೂ ಒಂದೇ ಪದ್ಯದಲ್ಲಿ! ಇದು ಇಂದು ಹೊಸದಾಗಿ ಪಠ್ಯಪುಸ್ತಕ ಸಮಿತಿಯ ಮುಂದೆ ಬಂದರೆ, ಎಳೆಯ ಮನಸ್ಸಿಗೆ ಭಾರವಾಯಿತು ಎನ್ನುವವರು ಒಬ್ಬಿಬ್ಬರಾದರೂ ಇದ್ದಾರು. ಆದರೂ ತಲೆಮಾರುಗಳ ಮಕ್ಕಳು ಇದನ್ನು ಹಾಡಿ, ಅತ್ತು, ಮತ್ತೆ ಹಾಡಿ ಬೆಳೆದಿದ್ದಾರೆ.

ಇದಕ್ಕೆ ಕಾರಣವಿಲ್ಲದಿಲ್ಲ. ಮಗುವಿನ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳನ್ನೆಲ್ಲ ಅಲ್ಲಿ ಕರುವೇ ಕೇಳಿಬಿಡುತ್ತದೆ. ತಾಯಿ ಅವಸರಪಡದೆ ಉತ್ತರ ಹೇಳುತ್ತಾಳೆ. ಮೇಲಾಗಿ ಇಡೀ ತರಗತಿ ಒಂದೇ ದನಿಯಲ್ಲಿ ಹಾಡುವಾಗ ಯಾವ ಮಗುವೂ ತನ್ನ ದುಃಖದಲ್ಲಿ ಒಂಟಿಯಲ್ಲ. ಬಾಲ್ಯದಲ್ಲಿ ನೋಡಿದ ಹರಿಶ್ಚಂದ್ರ ನಾಟಕ ತಮ್ಮನ್ನು ಹೇಗೆ ಹಿಡಿದಿತ್ತು, ಅದನ್ನು ನೆನೆದು ಹೇಗೆ ಅಳುತ್ತಿದ್ದೆ ಎಂಬುದನ್ನು ಗಾಂಧೀಜಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅತ್ತ ಮಗುವಿಗೆಲ್ಲ ಕೇಡಾಯಿತೆಂದು ಹೇಳಲಾಗದು.

ಆದರೆ ಪುಣ್ಯಕೋಟಿಯ ಕಥೆಯಲ್ಲಿ ಸತ್ಯ ಗೆಲ್ಲುತ್ತದೆ. ಗೆಲ್ಲದ ಕಥೆಗಳನ್ನು ಏನು ಮಾಡೋಣ?

ಜಪಾನಿನ ಉದಾಹರಣೆಯೊಂದುಂಟು. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದಾಗ ಕೇಜಿ ನಕಜಾವ ಆರು ವರ್ಷದ ಹುಡುಗ. ತಂದೆಯನ್ನೂ ಅಕ್ಕನನ್ನೂ ತಮ್ಮನನ್ನೂ ಅಂದು ಕಳೆದುಕೊಂಡ. ಮುಂದೆ ಚಿತ್ರಕಾರನಾಗಿ ತನ್ನ ಅನುಭವವನ್ನು ಆಧರಿಸಿ 1973ರಿಂದ ‘ಬರಿಗಾಲಿನ ಗೆನ್’ ಎಂಬ ಚಿತ್ರಕಥೆಯನ್ನು ಬರೆದ. ಅದು ಜಪಾನಿನ ಶಾಲಾ ಪುಸ್ತಕಭಂಡಾರಗಳನ್ನು ಸೇರಿತು. 2012ರ ಡಿಸೆಂಬರಿನಲ್ಲಿ ಮಾತ್ಸುಯೆ ನಗರದ ಶಿಕ್ಷಣ ಮಂಡಳಿಯವರು ಅದನ್ನು ಮಕ್ಕಳ ಕೈಗೆ ಸುಲಭವಾಗಿ ಸಿಗದಂತೆ ಒಳಗಿಡಬೇಕೆಂದು ಶಾಲೆಗಳಿಗೆ ತಿಳಿಸಿದರು. ಅವರನ್ನು ಕಾಡಿದ್ದು ಬಾಂಬಿನಿಂದ ಬೆಂದ ದೇಹಗಳ ಚಿತ್ರಗಳಲ್ಲ; ಜಪಾನಿನ ಸೈನಿಕರೇ ಏಷ್ಯದ ಇತರ ಜನರಿಗೆ ಮಾಡಿದ ಕ್ರೌರ್ಯದ ಚಿತ್ರಗಳು! ವಿಷಯ ಬಯಲಾಗಿ ಗದ್ದಲವೆದ್ದ ಮೇಲೆ 2013ರ ಆಗಸ್ಟಿನಲ್ಲಿ ಆ ಸೂಚನೆ ಹಿಂದೆ ಹೋಯಿತು. ‘ಮಕ್ಕಳು ಹೆದರುತ್ತಾರೆ’ ಎಂಬ ಮಾತಿನ ಹಿಂದೆ ಎಷ್ಟೋ ವೇಳೆ ದೊಡ್ಡವರ ನಾಚಿಕೆ ಅಡಗಿರುತ್ತದೆಂದು ನನಗೆ ತೋರುತ್ತದೆ.

ಅದೇ ಪುಸ್ತಕದ ಭಾಗಗಳನ್ನು 2023ರಲ್ಲಿ ಹಿರೋಷಿಮಾ ನಗರವೇ ತನ್ನ ಶಾಂತಿಪಾಠದಿಂದ ಬಿಟ್ಟಿತು. ಕಾಯಿಲೆಯ ತಾಯಿಗಾಗಿ ಹುಡುಗ ಮೀನು ಕದಿಯುವಂಥ ಸಂದರ್ಭಗಳನ್ನು ಇಂದಿನ ಮಕ್ಕಳಿಗೆ ಪಾಠದ ಅವಧಿಯೊಳಗೆ ತಿಳಿಯಹೇಳುವುದು ಕಷ್ಟವೆಂಬುದು ಕೊಟ್ಟ ಕಾರಣ. ಇದನ್ನು ಒಪ್ಪದವರು ಬಹಳ ಮಂದಿ. ಆದರೂ ಇದರಲ್ಲಿ ಉಪಾಧ್ಯಾಯರ ನಿಜವಾದ ತೊಂದರೆಯೊಂದಿದೆ. ಕಠಿಣ ಪಾಠಕ್ಕೆ ಹೊತ್ತು ಬೇಕು. ಗಂಟೆ ಬಾರಿಸುವುದಕ್ಕೆ ಹತ್ತು ನಿಮಿಷವಿರುವಾಗ ಅದನ್ನು ಎತ್ತಿಕೊಂಡು, ಮಕ್ಕಳ ಪ್ರಶ್ನೆಗಳನ್ನು ನಡುವಿನಲ್ಲೇ ಬಿಟ್ಟು ಹೋಗುವುದಕ್ಕಿಂತ ಮಾರನೆಯ ದಿನಕ್ಕೆ ಇಡುವುದು ಲೇಸು.

ನಮ್ಮ ನೆಲದ ವಿಷಯಕ್ಕೆ ಬರೋಣ. ಸಾತಾರಾದ ಶಾಲೆಯಲ್ಲಿ ಬಾಲಕ ಅಂಬೇಡ್ಕರರು ಕೂಡುವುದಕ್ಕೆ ಮನೆಯಿಂದ ಗೋಣಿತಟ್ಟು ಒಯ್ಯಬೇಕಾಗಿತ್ತು. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸಬೇಕು; ಜವಾನನಿಲ್ಲದ ದಿನ ನೀರಿಲ್ಲ. ಇದನ್ನು ಅವರೇ ಬರೆದಿಟ್ಟಿದ್ದಾರೆ. ಹತ್ತು ವರ್ಷದ ಮಗುವಿಗೆ ಇದು ಅರ್ಥವಾಗದೆ? ನಲ್ಲಿ, ನೀರು, ಬಾಯಾರಿಕೆ, ಎಲ್ಲವೂ ಅದಕ್ಕೆ ಗೊತ್ತು. ಇದು ಬೇಡವೆನ್ನುವವರು, ಯಾವ ಮಗುವಿಗೆ ಕಠಿಣ ಎಂಬುದನ್ನು ಮೊದಲು ಹೇಳಬೇಕು. ಮುಂದಿನ ಸಾಲಿನಲ್ಲಿ ಕುಳಿತ ಮಗುವಿಗೆ ಇದು ಹೊಸ ಸುದ್ದಿ. ಹಿಂದಿನ ಸಾಲಿನ ಮಗುವಿಗೆ ತನ್ನ ಅಜ್ಜಿ ಹೇಳಿದ ಮಾತೇ ಆಗಿರಬಹುದು. ಪುಸ್ತಕ ಸುಮ್ಮನಿದ್ದರೆ, ತನ್ನ ಮನೆಯ ಸಂಗತಿ ಶಾಲೆಯಲ್ಲಿ ಆಡತಕ್ಕದ್ದಲ್ಲವೆಂದು ಆ ಮಗು ತಿಳಿಯುತ್ತದೆ.

ಆದರೆ ಪಾಠ ಮಾಡುವವರು ಇಲ್ಲಿ ಬಲು ಎಚ್ಚರವಾಗಿರತಕ್ಕದ್ದು. ಆ ಮಗುವಿನತ್ತ ಬೆರಳು ತೋರಿಸುವುದಾಗಲಿ, ‘ನಿಮ್ಮ ಮನೆಯಲ್ಲಿ ಹೇಗೆ?’ ಎಂದು ಎಲ್ಲರೆದುರು ಕೇಳುವುದಾಗಲಿ ಕೂಡದು. ಇತ್ತೀಚೆಗೆ ಮನೆಯಲ್ಲಿ ಸಾವಾದ ಮಗುವಿದ್ದರೆ ಗೋವಿನ ಹಾಡಿಗೂ ಇದೇ ಮಾತು ಸಲ್ಲುತ್ತದೆ. ಅಂಥ ಮಗುವಿಗೆ ಮುಂಚಿತವಾಗಿ ಒಂದು ಮಾತು ತಿಳಿಸಬಹುದು, ಬೇಕಾದರೆ ಹೊರಗೆ ಹೋಗಿ ಬರಲು ಬಿಡಬಹುದು.

ಪರೀಕ್ಷೆಯ ಮಾತೂ ಸ್ವಲ್ಪ. ಅಷ್ಟೆಲ್ಲ ಅತ್ತು ಮುಗಿಸಿದ ಮಕ್ಕಳಿಗೆ ‘ಹುಲಿಯ ಹೆಸರೇನು?’ ಎಂದು ಒಂದು ಅಂಕದ ಪ್ರಶ್ನೆ ಕೊಡುತ್ತೇವೆ. ಅರ್ಬುತ ಎಂದು ಬರೆದ ಮಗು ಅಂಕ ಪಡೆಯುತ್ತದೆ. ಆ ಹುಲಿ ಏಕೆ ಸಾಯಬೇಕಿತ್ತು, ಬದುಕಬಹುದಿತ್ತಲ್ಲವೆ ಎಂದು ಕೇಳುವ ಮಗು ಪ್ರತಿ ತರಗತಿಯಲ್ಲೂ ಒಂದಿರುತ್ತದೆ. ಆ ಪ್ರಶ್ನೆಗೆ ಸಿದ್ಧ ಉತ್ತರ ಕೊಡದೆ, ಉಳಿದ ಮಕ್ಕಳು ಏನೆನ್ನುವರೆಂದು ಒಂದು ಅವಧಿ ಕುಳಿತು ಕೇಳಿರಿ.