ಕೊರಳಲ್ಲಿ ಕಲೆಯಿದ್ದ ವಧು

ಕಡಲತಡಿಯ ಊರೊಂದರ ಕನ್ಯಾಮಠದಲ್ಲಿ ವ್ರತಸ್ವೀಕಾರಕ್ಕಾಗಿ ಕಾದಿರುವ ತರುಣಿ, ಅವಳ ಕೊರಳಲ್ಲೊಂದು ಗಾಯದ ಕಲೆ, ಅವಳ ಹೃದಯದಲ್ಲಿ ಅನ್ಯರಿಗೆ ಕಾಣದ ಒಬ್ಬ ಪ್ರಿಯ ಎಂದರೆ ಯಾವುದೋ ರಹಸ್ಯಮಯ ಪ್ರಣಯಕಾದಂಬರಿಯ ವಸ್ತುವೆಂದು ಓದುಗರು ಬಗೆಯುವುದು ಸಹಜ. ಆದರೆ ಇದು ನಮ್ಮ ಮಂಗಳೂರಿನಲ್ಲಿಯೇ 1870ರಿಂದ 1872ರವರೆಗೆ ನಡೆದ ವೃತ್ತಾಂತ. ಆ ತರುಣಿಯ ಹೆಸರು ಮರಿಯಂ ಬವಾರ್ದಿ.

ಗಲಿಲೇಯದ ಇಬಿಲ್ಲೀನ್ ಎಂಬ ಹಳ್ಳಿಯಲ್ಲಿ 1846ರ ಜನವರಿ 5ರಂದು ಹುಟ್ಟಿ, ಎಳವೆಯಲ್ಲಿಯೇ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಈಕೆ ಚಿಕ್ಕಪ್ಪನ ಸಂಸಾರದೊಡನೆ ಅಲೆಕ್ಸಾಂಡ್ರಿಯಾ ನಗರದಲ್ಲಿ ಬೆಳೆದಳು. ಹನ್ನೆರಡು ಹದಿಮೂರರ ಪ್ರಾಯದಲ್ಲಿ ಮದುವೆ ಗೊತ್ತಾದಾಗ, ತನಗೆ ವರನು ದೇವರೊಬ್ಬನೇ ಎಂದು ನಿಶ್ಚಯಿಸಿದ ಹುಡುಗಿ ತಲೆಗೂದಲನ್ನು ತಾನೇ ಕತ್ತರಿಸಿಕೊಂಡಳು. ಆಮೇಲೆ, ತಮ್ಮನಿಗೆ ಕಾಗದವನ್ನು ಕಳುಹಿಸುವ ಆಸೆಯಿಂದ ಪರಿಚಯದ ಸೇವಕನೊಬ್ಬನಲ್ಲಿಗೆ ಹೋದಾಗ, ಕ್ರೈಸ್ತ ಮತವನ್ನು ಬಿಡಲೊಪ್ಪದ ತನ್ನ ಕೊರಳನ್ನು ಆತನು ಕೊಯ್ದು ಓಣಿಯಲ್ಲಿ ಬಿಸುಟನೆಂದೂ, ನೀಲಿಯ ಉಡುಪಿನ ಹೆಂಗಸೊಬ್ಬಳು ಗವಿಯಲ್ಲಿಟ್ಟು ಗಾಯವನ್ನು ಹೊಲಿದು ಉಪಚರಿಸಿದಳೆಂದೂ ಅವಳೇ ಹೇಳಿದಳು. ಆ ನೀಲಾಂಬರೆಯನ್ನು ಮರಿಯಂ ದೇವಮಾತೆಯೆಂದೇ ನಂಬಿದಳು. ನಂಬದವರ ಮುಂದೆಯೂ ಕೊರಳ ಕಲೆ ಮತ್ತು ಒಡೆದ ದನಿ ಕಡೆಯತನಕ ಸಾಕ್ಷಿಯಾಗಿ ಉಳಿದವು.

ಅನ್ಯರ ಮನೆಗಳಲ್ಲಿ ಊಳಿಗಮಾಡುತ್ತ ಊರೂರು ಅಲೆದು ಫ್ರಾನ್ಸನ್ನು ಸೇರಿದ ಈಕೆಯನ್ನು 1867ರಲ್ಲಿ ಪೋ ಪಟ್ಟಣದ ಕಾರ್ಮೆಲ್ ಎಂಬ ಕ್ಯಾಥೋಲಿಕ್ ಸಂಘದ ಕನ್ಯಾಮಠವು ಬರಮಾಡಿಕೊಂಡಿತು. ಅಲ್ಲಿ ಮಠವನ್ನು ಹೊಕ್ಕವಳು ಒಡನೆಯೇ ಸಂನ್ಯಾಸಿನಿಯಾಗಳು. ನೊವೀಸ್, ಎಂದರೆ ದೀಕ್ಷಾರ್ಥಿನಿ, ಆಗಿ ಬಿಳಿಯ ಮುಸುಕನ್ನು ಧರಿಸಿ, ಪರೀಕ್ಷೆಯ ಕಾಲವನ್ನು ಕಳೆದ ಬಳಿಕವೇ ದಾರಿದ್ರ್ಯ, ಬ್ರಹ್ಮಚರ್ಯ, ವಿಧೇಯತೆಗಳ ವ್ರತವನ್ನು ಸ್ವೀಕರಿಸಿ ಕ್ರಿಸ್ತನ ವಧುವೆನಿಸುವಳು. ಚೆನ್ನಮಲ್ಲಿಕಾರ್ಜುನನನ್ನೇ ಗಂಡನೆಂದು ಹಾಡಿದ ಅಕ್ಕಮಹಾದೇವಿಯ ನಾಡಿನವರಿಗೆ ಈ ದಾಂಪತ್ಯಭಾವವನ್ನು ವಿವರಿಸಬೇಕಾದುದಿಲ್ಲ.

ಮಂಗಳೂರಿನಲ್ಲಿ ಕಾರ್ಮೆಲ್ ಮಠವನ್ನು ಸ್ಥಾಪಿಸಲು 1870ರಲ್ಲಿ ಹೊರಟ ತಂಡದಲ್ಲಿ ಮರಿಯಂ ನೊವೀಸ್ ಆಗಿಯೇ ಇದ್ದಳು. ಆ ಯಾತ್ರೆಯಲ್ಲಿ ಮೂವರು ಸಹೋದರಿಯರು ಅಸುನೀಗಿದರು. ಓದುಬರಹ ಬಹುಮಟ್ಟಿಗೆ ಬಾರದಿದ್ದ ಈಕೆಯ ಪಾಲಿಗೆ ಬಂದುದು ಅಡಿಗೆಮನೆಯ ದುಡಿಮೆ. ಆ ದುಡಿಮೆಯ ನಡುವೆಯೇ ಮೈಮರೆತು ಭಾವಸಮಾಧಿಯಲ್ಲಿ ನಿಂತುಬಿಡುತ್ತಿದ್ದಳೆಂದು ಸಂಗಡಿಗರು ಕಂಡರು. 1871ರ ನವೆಂಬರ್ 21ರಂದು ಇಲ್ಲಿಯೇ ವ್ರತಸ್ವೀಕಾರವಾಯಿತು. ಆದರೆ ಈ ಅನುಭವಗಳು ದೈವಿಕವೋ ಭ್ರಾಂತಿಯೋ ಎಂಬ ಶಂಕೆ ಬಿಷಪರಲ್ಲಿಯೂ ಮಠದ ಹಿರಿಯರಲ್ಲಿಯೂ ಬಲಿತು, ಮರುವರ್ಷವೇ ಆಕೆಯನ್ನು ಫ್ರಾನ್ಸಿಗೆ ಹಿಂದಕ್ಕೆ ಕಳುಹಿಸಲಾಯಿತು. ಅಲೌಕಿಕವೆನಿಸುವುದನ್ನು ಒರೆಗೆ ಹಚ್ಚುವುದು ಆ ಪರಂಪರೆಯ ವಿವೇಕವೇ ಅಹುದು. ಆದರೂ ಮಾತಿನಲ್ಲಿ ತನ್ನ ಪರವಾಗಿ ವಾದಿಸಲರಿಯದ ಒಬ್ಬ ಅನಾಥೆಯ ಮೇಲೆ ಆ ಶಂಕೆಯ ಭಾರವೆಲ್ಲ ಬಿದ್ದುದನ್ನು ನೆನೆದರೆ ಮನಸ್ಸು ಮರುಗುತ್ತದೆ. ವಿರಹದಲ್ಲಿ ಪ್ರೇಮ ಪಕ್ವವಾಗುವುದೆಂದು ನಮ್ಮ ಕವಿಗಳು ಹೇಳುವುದುಂಟು. ಮರಿಯಂಳ ಪ್ರೇಮವಾದರೋ ಅವಿಶ್ವಾಸದ ನಡುವೆಯೂ ಕುಂದಲಿಲ್ಲ.

1875ರಲ್ಲಿ ಆಕೆ ಬೆತ್ಲೆಹೆಮಿಗೆ ಹೋಗಿ ಅಲ್ಲಿ ಕಾರ್ಮೆಲ್ ಮಠವನ್ನು ಕಟ್ಟಿಸಲು ದುಡಿದಳು. ಕೆಲಸಗಾರರಿಗೆ ನೀರನ್ನು ಹೊತ್ತೊಯ್ಯುತ್ತಿದ್ದಾಗ ಬಿದ್ದು ತೋಳು ಮುರಿದು, ಗಾಯವು ಕೊಳೆತು, 1878ರ ಆಗಸ್ಟ್ 26ರಂದು, ತನ್ನ 32ನೆಯ ವಯಸ್ಸಿನಲ್ಲಿ ತೀರಿಕೊಂಡಳು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಆಕೆಗೆ ಸಂತಪದವಿಯನ್ನು ಘೋಷಿಸಿದರು. ದಕ್ಷಿಣ ಕನ್ನಡದ ಚರಿತ್ರೆಯನ್ನು ಬರೆಯುವವರು, ಆಕೆ ವ್ರತವನ್ನು ತೊಟ್ಟುದೂ ಶಂಕೆಗೆ ಗುರಿಯಾದುದೂ ಮಂಗಳೂರಿನಲ್ಲಿಯೇ ಎಂಬುದನ್ನು ಮರೆಯದೆ, ಆ ಎರಡು ವರ್ಷಗಳಿಗೆ ಒಂದು ಅಧ್ಯಾಯವನ್ನಾದರೂ ಮೀಸಲಿಡಬೇಕು.