ಹತ್ತು ಸಾವಿರ ಎಳೆಗಳ ಕಿಡ್ನಿ

ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಕೊಠಡಿಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ದೊಡ್ಡ ಯಂತ್ರದ ಮೇಲೆ. ರಕ್ತ ಶುದ್ಧವಾಗುವುದು ಮಾತ್ರ ಅದರ ಪಕ್ಕಕ್ಕೆ ಸಿಕ್ಕಿಸಿದ, ಗೇಣಿಗಿಂತ ತುಸು ಉದ್ದದ ಪಾರದರ್ಶಕ ಕೊಳವೆಯಲ್ಲಿ. ಅದೇ ಡಯಾಲೈಸರ್. ಒಳಗೆ ಸುಮಾರು ಹತ್ತು ಸಾವಿರ ಟೊಳ್ಳು ಎಳೆಗಳು, ಒಂದೊಂದರ ಒಳವ್ಯಾಸ ಮಿಲಿಮೀಟರಿನ ಐದನೇ ಒಂದು ಭಾಗ. ಎಲ್ಲವನ್ನೂ ಸಾಲಾಗಿ ಜೋಡಿಸಿದರೆ ಎರಡೂವರೆ ಕಿಲೋಮೀಟರ್ ದಾಟೀತು. ಎಳೆಯೊಳಗೆ ರಕ್ತ ಒಂದು ದಿಕ್ಕಿಗೆ, ಹೊರಗೆ ಡಯಾಲಿಸಿಸ್ ದ್ರಾವಣ ಎದುರು ದಿಕ್ಕಿಗೆ. ನಡುವಿನ ತೆಳುಗೋಡೆಯ ಸೂಕ್ಷ್ಮ ರಂಧ್ರಗಳಿಂದ ಯೂರಿಯಾ ಹೊರಬೀಳುತ್ತದೆ, ರಕ್ತಕಣಗಳು ಒಳಗೇ ಉಳಿಯುತ್ತವೆ.

ಇಷ್ಟು ಸಣ್ಣ ದಾರಿಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಕಾಯುವುದೇ ಈ ಚಿಕಿತ್ಸೆಯ ನೂರು ವರ್ಷದ ಕಥೆ. ಹೇಮಾವತಿ ನಾಲೆಯ ಕೊನೆಯಂಚಿನ ಕುಣಿಗಲ್ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೇಲೆ ಹೂಳು ತುಂಬಿದರೆ ಕೆಳಗೆ ನೀರಿಲ್ಲ.

1913ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಜೇಕಬ್ ಏಬಲ್ ಮತ್ತು ಸಂಗಡಿಗರು ಕೊಲೋಡಿಯನ್ ಎಂಬ ಪದಾರ್ಥದ ನಳಿಕೆಗಳಲ್ಲಿ ನಾಯಿಯ ರಕ್ತ ಹರಿಸಿದರು. ದೇಹದಿಂದ ಹೊರಬಂದ ರಕ್ತಕ್ಕೆ ಯಾವ ಗೋಡೆ ತಾಗಿದರೂ ಗಾಯವೆಂದೇ ತೋರುತ್ತದೆ, ಕಟ್ಟತೊಡಗುತ್ತದೆ. ಏಬಲ್ ಅದನ್ನು ತಡೆದದ್ದು ಜಿಗಣೆಯ ತಲೆಯಿಂದ ತೆಗೆದ ಹಿರುಡಿನ್‌ನಿಂದ. ಜಿಗಣೆ ಕಚ್ಚಿದ ಜಾಗದಲ್ಲಿ ರಕ್ತ ಸುಲಭಕ್ಕೆ ನಿಲ್ಲದಿರುವುದನ್ನು ಮಲೆನಾಡಿನವರೆಲ್ಲ ಬಲ್ಲರು. ಕೃತಕ ಕಿಡ್ನಿಯ ಹುಟ್ಟಿನಲ್ಲಿ ಆ ಜೀವಿಯ ಪಾಲಿದೆ ಎಂಬುದು ನನಗೆ ಇಂದಿಗೂ ಬೆರಗು. ಜರ್ಮನಿಯ ಗೀಸೆನ್‌ನಲ್ಲಿ 1924ರಲ್ಲಿ ಮನುಷ್ಯನಿಗೆ ಮೊದಲ ಸಲ ಡಯಾಲಿಸಿಸ್ ಮಾಡಿದ ಗೇಯಾರ್ಗ್ ಹಾಸ್ ಕೂಡ ಹಿರುಡಿನ್‌ನಿಂದಲೇ ಶುರುಮಾಡಿ ಆಮೇಲೆ ರಕ್ತ ಕಟ್ಟದಂತೆ ತಡೆಯುವ ಇನ್ನೊಂದು ಮದ್ದಾದ ಹೆಪಾರಿನ್‌ಗೆ ಹೊರಳಿದರು. ಇಂದಿಗೂ ನಡೆಯುತ್ತಿರುವುದು ಹೆಪಾರಿನ್ನೇ.

ನೆದರ್ಲೆಂಡ್ಸ್‌ನ ವಿಲ್ಲೆಮ್ ಕೋಲ್ಫ್ ಯುದ್ಧಕಾಲದಲ್ಲಿ, 1943ರಲ್ಲಿ, ಮಾಂಸದ ಸಾಸೇಜ್‌ಗೆ ಹೊದಿಸುವ ಸೆಲೋಫೇನ್ ನಳಿಕೆಯನ್ನು ಪೀಪಾಯಿಗೆ ಸುತ್ತಿ ಯಂತ್ರ ಕಟ್ಟಿದರು. ಟೊಳ್ಳು ಎಳೆ ಬಂದದ್ದು 1960ರ ದಶಕದಲ್ಲಿ. ಡೌ ಕೆಮಿಕಲ್ ಕಂಪನಿಯ ಹೆನ್ರಿ ಮಹೊನ್ ಎಳೆಗಳನ್ನು ಕಂತೆ ಕಟ್ಟುವ ಬಗೆ ಕಂಡುಕೊಂಡರು. ವೈದ್ಯ ರಿಚರ್ಡ್ ಸ್ಟೀವರ್ಟ್ ಅದನ್ನು ರೋಗಿಗಳವರೆಗೆ ತಂದರು. ಸುಮಾರು ಒಂದೂವರೆ ಚದರ ಮೀಟರ್ ಶೋಧಕ ಮೈ ಅಂಗೈಯಲ್ಲಿ ಹಿಡಿಯುವ ಕೊಳವೆಗೆ ಇಳಿಯಿತು. ದಾರಿ ಕಿರಿದಾದಷ್ಟೂ ಕಟ್ಟಿಕೊಳ್ಳುವ ಭಯವೂ ಬೆಳೆಯಿತು.

ಆ ಭಯವನ್ನು ದಿನವೂ ಎದುರಿಸುವವರು ಟೆಕ್ನೀಷಿಯನ್ನರು. ರೋಗಿಗೆ ಸೂಜಿ ಚುಚ್ಚುವ ಮೊದಲೇ ಅವರ ಕೆಲಸ ಅರ್ಧ ಮುಗಿದಿರಬೇಕು. ಪ್ರೈಮಿಂಗ್ ಎಂದರೆ ಡಯಾಲೈಸರ್‌ಗೆ ಸಲೈನ್ ಹರಿಸಿ, ಕೈಯಲ್ಲಿ ಮೆಲ್ಲಗೆ ತಟ್ಟುತ್ತ ಗಾಳಿಗುಳ್ಳೆಗಳನ್ನು ಹೊರಡಿಸುವುದು. ಗುಳ್ಳೆ ಕೂತ ಎಳೆಗೆ ರಕ್ತ ನುಗ್ಗದು; ಗಾಳಿ ತಾಗಿದ ರಕ್ತ ಬೇಗ ಕಟ್ಟುತ್ತದೆ. ತೋಳಿನ ಫಿಸ್ಟುಲಾ (ರಕ್ತ ತೆಗೆಯಲು ಅಪಧಮನಿಯನ್ನು ಅಭಿಧಮನಿಗೆ ಬೆಸೆದ ದಾರಿ) ಸರಿಯಾಗಿ ಹರಿಯಬೇಕು, ಹೆಪಾರಿನ್ ಪ್ರಮಾಣ ರೋಗಿಯ ತೂಕಕ್ಕೆ ಹೊಂದಬೇಕು. ರಕ್ತಸ್ರಾವದ ಅಪಾಯವಿದ್ದು ಹೆಪಾರಿನ್ ಕೊಡಲಾಗದಿದ್ದರೆ ಅರ್ಧ ಗಂಟೆಗೊಮ್ಮೆ ಸಲೈನ್ ಹರಿಸಿ ಎಳೆಗಳನ್ನು ತೊಳೆಯಬೇಕು. ಎಳೆಗಳಲ್ಲಿ ಕಪ್ಪು ಗೆರೆ ಮೂಡಿದರೆ, ಒತ್ತಡದ ಅಂಕಿ ಏರಿದರೆ ತಡಮಾಡುವಂತಿಲ್ಲ. ಪೂರ್ತಿ ಕಟ್ಟಿದರೆ ಕೊಳವೆಗಳಲ್ಲಿರುವ 150-200 ಮಿಲಿಲೀಟರ್ ರಕ್ತ ಹಾಗೇ ಹೋಗುತ್ತದೆ. ಮೊದಲೇ ರಕ್ತಹೀನತೆಯಿಂದ ಬಳಲುವವರಿಗೆ ಅದು ಸಣ್ಣ ನಷ್ಟವಲ್ಲ. ಕರೆಂಟ್ ಹೋಗಿ ಪಂಪ್ ನಿಂತರೂ ಇದೇ ಅಪಾಯ. ಆಗ ಹಿಡಿಕೆ ಹಾಕಿ ಪಂಪನ್ನು ಕೈಯಲ್ಲೇ ತಿರುಗಿಸಿ ರಕ್ತವನ್ನು ದೇಹಕ್ಕೆ ಮರಳಿಸಬೇಕಾಗುತ್ತದೆ.

ಇನ್ನು ತೊಳೆಯುವ ಮಾತು. ಬೆಲೆಯ ಕಾರಣಕ್ಕೆ ಒಂದೇ ಡಯಾಲೈಸರನ್ನು ಅದೇ ರೋಗಿಗೆ ಮತ್ತೆ ಮತ್ತೆ ಬಳಸುವ ಪದ್ಧತಿ ಹಲವು ದೇಶಗಳಲ್ಲಿ ಬೆಳೆಯಿತು. ಶ್ರೀಮಂತ ಅಮೆರಿಕದಲ್ಲೇ 1990ರ ದಶಕದಲ್ಲಿ ಹೆಚ್ಚಿನ ಕೇಂದ್ರಗಳು ಹೀಗೆ ಮಾಡುತ್ತಿದ್ದವು. ಶುದ್ಧೀಕರಿಸಿದ ನೀರನ್ನು ಹೊರಗಿನಿಂದ ಒಳಕ್ಕೆ ಒತ್ತಿ ಗೋಡೆಗೆ ಅಂಟಿದ್ದನ್ನು ಎಬ್ಬಿಸುವುದು, ಬ್ಲೀಚ್ ಅಥವಾ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಉಳಿದ ಹೆಪ್ಪು ಕರಗಿಸುವುದು, ಕೊನೆಗೆ ಫಾರ್ಮಲಿನ್ ಇಲ್ಲವೇ ಪೆರಾಸೆಟಿಕ್ ಆಮ್ಲ ತುಂಬಿ, ರೋಗಿಯ ಹೆಸರು ಬರೆದು ಇಡುವುದು. ಎಳೆಗಳ ಒಳಗಾತ್ರ ಮೊದಲಿನ ಶೇ 80ಕ್ಕಿಂತ ಕಡಿಮೆಯಾದರೆ ಅದನ್ನು ಎಸೆಯಬೇಕು. ನಿಯಮ ಚೆನ್ನಾಗಿತ್ತು. ಆದರೆ ಅಳೆಯಲು ಪುರುಸೊತ್ತಿಲ್ಲದ ಕಡೆ ಕಟ್ಟಿದ ಎಳೆಗಳೇ ರೋಗಿಯ ಪಾಲಿಗೆ ಬರುತ್ತವೆ. ನಾಲ್ಕು ಗಂಟೆ ಮಲಗೆದ್ದರೂ ರಕ್ತ ಅರೆಬರೆ ಶುದ್ಧ. ಬ್ಲೀಚ್ ಹೆಚ್ಚಾದರೆ ರಂಧ್ರ ಹಿಗ್ಗಿ ರಕ್ತದ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತದೆ. ರಾಸಾಯನಿಕ ಉಳಿದರೆ ನೇರ ರಕ್ತಕ್ಕೇ. ಹೆಸರಿನ ಚೀಟಿ ಅದಲುಬದಲಾದರೆ ಸೋಂಕು.

ಕೇಂದ್ರ ಸರ್ಕಾರ 2016ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿತು. ರಾಜ್ಯದ ತಾಲ್ಲೂಕು ಆಸ್ಪತ್ರೆಗಳಿಗೂ ಯಂತ್ರಗಳು ಬಂದವು. ಅವು ಹತ್ತಿರದಲ್ಲಿಲ್ಲದಿದ್ದರೆ ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರ್, ಕುಣಿಗಲ್‌ನಿಂದ ಬೆಂಗಳೂರಿಗೆ 70. ವಾರಕ್ಕೆ ಎರಡು ಮೂರು ಸಲ, ಜತೆಗೊಬ್ಬರನ್ನು ಕರೆದುಕೊಂಡು, ಕೂಲಿ ಬಿಟ್ಟು ಬಸ್ಸು ಹತ್ತುವವರಿಗೆ ಈ ದೂರವೇ ಅರ್ಧ ಕಾಯಿಲೆ. ಈಚಿನ ವರ್ಷಗಳಲ್ಲಿ ಕರ್ನಾಟಕ ಇನ್ನೊಂದು ಹೆಜ್ಜೆ ಮುಂದಿಟ್ಟು, ಸರ್ಕಾರಿ ಕೇಂದ್ರಗಳಲ್ಲಿ ಒಮ್ಮೆ ಬಳಸಿ ಎಸೆಯುವ ಡಯಾಲೈಸರ್‌ಗೆ ಬದಲಾಯಿತು. ಪ್ಲಾಸ್ಟಿಕ್ ತ್ಯಾಜ್ಯ ಬೆಳೆಯುತ್ತದೆ, ಖರ್ಚೂ ಏರುತ್ತದೆ, ನಿಜ. ಆದರೂ ಇದು ಸರಿಯಾದ ನಿರ್ಧಾರ ಎಂದೇ ನನ್ನ ನಂಬಿಕೆ. ಉಳಿತಾಯದ ಅಪಾಯವನ್ನು ಬಡ ರೋಗಿಯ ರಕ್ತನಾಳಕ್ಕೆ ವರ್ಗಾಯಿಸುವುದು ನ್ಯಾಯವಲ್ಲ.

ಎಳೆಗಳನ್ನು ತೊಳೆಯುವುದು ತಪ್ಪಿದರೂ ನೀರಿನ ಚಿಂತೆ ತಪ್ಪಿಲ್ಲ. ನಿಮಿಷಕ್ಕೆ 500 ಮಿಲಿಲೀಟರ್‌ನಂತೆ ನಾಲ್ಕು ಗಂಟೆಗೆ 120 ಲೀಟರ್ ದ್ರಾವಣ ರೋಗಿಯ ರಕ್ತದ ಪಕ್ಕದಲ್ಲೇ ಹರಿದುಹೋಗುತ್ತದೆ. ಕುಡಿಯುವ ನೀರಿನಲ್ಲಿ ಬೇರೆ ಮೂಲವಿಲ್ಲದಾಗ ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್‌ವರೆಗೆ ಒಪ್ಪಬಹುದು. ಡಯಾಲಿಸಿಸ್ ನೀರಿನಲ್ಲಿ 0.2 ದಾಟುವಂತಿಲ್ಲ. ಪಾವಗಡದ ಫ್ಲೋರೈಡ್ ಕಂಡ ತುಮಕೂರು ಜಿಲ್ಲೆಗೆ ಇದು ಬರಿಯ ಅಂಕಿಯಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಉಳಿದರೆ ರೋಗಿಗೆ ವಾಂತಿ, ತಲೆನೋವು, ಏರುವ ರಕ್ತದೊತ್ತಡ. ಹಾಗಾಗಿ ಗೋಡೆಯ ಹಿಂದಿನ ಆರ್‌ಒ ಘಟಕದಲ್ಲಿ ಸಾಫ್ಟ್‌ನರ್‌ಗೆ ಕಾಲಕಾಲಕ್ಕೆ ಉಪ್ಪುನೀರು ಹಾಯಿಸಬೇಕು, ಪೊರೆಗೆ ಕಟ್ಟಿದ ಸುಣ್ಣವನ್ನು ಸಿಟ್ರಿಕ್ ಆಮ್ಲದಿಂದ ಬಿಡಿಸಬೇಕು, ನೀರನ್ನು ತಪ್ಪದೆ ಪರೀಕ್ಷೆಗೆ ಕಳಿಸಬೇಕು. ಆ ಪರೀಕ್ಷೆಯ ವರದಿಯನ್ನು ಕೇಳಿ ನೋಡುವ ಹಕ್ಕು ಹಾಸಿಗೆಯ ಮೇಲಿರುವವರಿಗೂ ಅವರ ಮನೆಯವರಿಗೂ ಇರಬೇಕು.